ಪರಿಸರ ಶಾಸ್ತ್ರಜ್ಞರ ಉದ್ಯೋಗವೂ ಎಲ್ವಾ ನದಿಯ ವೃತ್ತಾಂತವೂ

ನಮ್ಮ ಶಾಲೆಯ ಮೇಲಿನ ತರಗತಿಗಳ ಹುಡುಗಿಯರನ್ನು, ಮುಂದೆ ಏನಾಗಬೇಕೆಂದಿರುವಿರಿ ಎಂದು ಕೇಳಿದರೆ ದೊರೆಯುವ ಉತ್ತರಗಳು ಬಹಳವಿಲ್ಲ. ವೈದ್ಯೆ, ಇಂಜಿನಿಯರು, ಉಪಾಧ್ಯಾಯಿನಿ, ಬ್ಯಾಂಕಿನ ಉದ್ಯೋಗಸ್ಥೆ, ಇಷ್ಟೇ. ಇವೆಲ್ಲವೂ ಮಾನ್ಯವಾದ ಉದ್ಯೋಗಗಳೆಂಬುದರಲ್ಲಿ ಸಂದೇಹವಿಲ್ಲ. ಅಪರೂಪಕ್ಕೆ ಒಬ್ಬಿಬ್ಬರು ‘ಪರಿಸರ ಶಾಸ್ತ್ರಜ್ಞೆ’ ಎನ್ನುವದುಂಟು. ಆದರೆ ಆ ಉದ್ಯೋಗದಲ್ಲಿರುವವರು ಬೆಳಗಿನಿಂದ ಸಂಜೆಯ ವರೆಗೆ ಏನು ಮಾಡುತ್ತಾರೆಂದು ಮರುಪ್ರಶ್ನೆ ಹಾಕಿದರೆ, ಗಿಡ ನೆಡುತ್ತಾರೆಂಬುದಕ್ಕಿಂತ ಹೆಚ್ಚಿನ ಉತ್ತರ ಬರುವದಿಲ್ಲ. ವನಮಹೋತ್ಸವದ ದಿನ ಶಾಲೆಯ ಅಂಗಳದಲ್ಲಿ ಸಸಿ ನೆಟ್ಟು, ಚಿತ್ರ ತೆಗೆಸಿಕೊಂಡು, ಮರುದಿನ ಅದಕ್ಕೆ ನೀರೆರೆಯಲು ಮರೆಯುವದೇ ಆ ಶಾಸ್ತ್ರದ ಸಾರವೆಂದು ಅವರು ತಿಳಿದಿದ್ದರೆ ತಪ್ಪು ಅವರದಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ಆ ಕೆಲಸದ ಎರಡು ಮುಖ್ಯ ಭಾಗಗಳನ್ನು ವಿವರಿಸಲು ಯತ್ನಿಸುವೆವು. ಮೊದಲನೆಯದು, ಭೂಮಿಯನ್ನಾಗಲಿ ನೀರನ್ನಾಗಲಿ ಮಾರ್ಪಡಿಸುವ ಮೊದಲು ಸರಕಾರದ ಅಪ್ಪಣೆ ಪಡೆಯುವದಕ್ಕೆ ಬೇಕಾದ ಪರೀಕ್ಷೆ. ಎರಡನೆಯದು, ಕೆಟ್ಟುಹೋದ ಕಾಡು, ಹೊಳೆ, ಜವುಗುನೆಲಗಳನ್ನು ಪುನಃ ಜೀವಿಗಳ ವಾಸಕ್ಕೆ ತಕ್ಕಂತೆ ಮಾಡುವದು. ಇವೆರಡೂ ಬೇರೆ ಬೇರೆ ಉದ್ಯೋಗಗಳಂತೆ ತೋರಿದರೂ ನಿಜವಾಗಿ ಒಂದೇ ಉದ್ಯೋಗದ ಎರಡು ಕೊನೆಗಳಾಗಿವೆ.

ಮೊದಲು ಅಪ್ಪಣೆಯ ವಿಷಯ. ಒಬ್ಬನು ತನ್ನ ಸ್ವಂತ ಸ್ಥಳದಲ್ಲಿ ಮನೆ ಕಟ್ಟುವದಾದರೂ ಪಂಚಾಯತಿನ ಪರವಾನಗಿ ಬೇಕು. ಹೊಳೆಗೆ ಅಡ್ಡವಾಗಿ ಕಟ್ಟೆ ಹಾಕುವವನಿಗೆ, ಜವುಗುನೆಲವನ್ನು ಮಣ್ಣು ತುಂಬಿ ಎತ್ತರಿಸುವವನಿಗೆ, ಗುಡ್ಡ ಅಗೆದು ಅದುರು ತೆಗೆಯುವವನಿಗೆ ಪರವಾನಗಿ ಬೇಡವೇ? ಬೇಕೆಂಬ ತಿಳುವಳಿಕೆ ಲೋಕಕ್ಕೆ ತಡವಾಗಿ ಬಂತು. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1970ರ ಜನವರಿ 1ರಂದು ಸಹಿಯಾದ ಒಂದು ಕಾನೂನು, ಸರಕಾರವು ಯಾವ ದೊಡ್ಡ ಕೆಲಸವನ್ನು ಕೈಕೊಳ್ಳುವ ಮೊದಲೂ ಅದರಿಂದ ಪ್ರಕೃತಿಗೆ ಆಗುವ ಪರಿಣಾಮಗಳನ್ನು ಬರೆದು ಜನರ ಮುಂದಿಡಬೇಕೆಂದು ವಿಧಿಸಿತು. 1972ರ ಶುದ್ಧಜಲದ ಕಾನೂನು, ಹೊಳೆ ಮತ್ತು ಜವುಗುನೆಲಗಳಿಗೆ ಮಣ್ಣು ತುಂಬುವವರು ಸೇನೆಯ ಇಂಜಿನಿಯರುಗಳ ದಳದಿಂದ ಅಪ್ಪಣೆ ಪಡೆಯಬೇಕೆಂದಿತು. 1973ರ ಇನ್ನೊಂದು ಕಾನೂನು, ಅಳಿವಿನಂಚಿನಲ್ಲಿರುವ ಪ್ರಾಣಿಸಸ್ಯಗಳಿಗೆ ರಕ್ಷಣೆ ಕೊಟ್ಟಿತು. ಈ ಮೂರರಿಂದ ಒಂದು ಹೊಸ ಉದ್ಯೋಗವೇ ಹುಟ್ಟಿತೆನ್ನಬಹುದು.

ಜವುಗುನೆಲವೆಂದರೆ ಯಾವುದು? ಮಳೆಗಾಲದಲ್ಲಿ ನೀರು ನಿಂತ ಮಾತ್ರಕ್ಕೆ ಅದು ಜವುಗಲ್ಲ, ಬೇಸಗೆಯಲ್ಲಿ ಒಣಗಿದ ಮಾತ್ರಕ್ಕೆ ಜವುಗಲ್ಲವೆನ್ನಲೂ ಆಗದು. ಶಾಸ್ತ್ರಜ್ಞರು ಇದಕ್ಕೆ ಮೂರು ಸಾಕ್ಷಿಗಳನ್ನು ಕೇಳುತ್ತಾರೆ: ಸಸ್ಯ, ಮಣ್ಣು, ನೀರು. ಅಲ್ಲಿ ಬೆಳೆದಿರುವ ಸಸ್ಯಗಳಲ್ಲಿ ಹೆಚ್ಚಿನವು ನೀರನ್ನು ಸಹಿಸುವ ಜಾತಿಯವೋ ಎಂದು ಹೆಸರು ಹಿಡಿದು ಬರೆಯಬೇಕು. ಬಳಿಕ ಮಣ್ಣನ್ನು ಕೊರೆದು ಕೆಳಗಿನ ಪದರವನ್ನು ಹೊರತೆಗೆಯಬೇಕು. ಬಹುಕಾಲ ನೀರಿನಲ್ಲಿ ನೆನೆದ ಮಣ್ಣಿಗೆ ಗಾಳಿ ಸಿಕ್ಕುವದಿಲ್ಲ. ಅದರಲ್ಲಿರುವ ಕಬ್ಬಿಣವು ಕೆಂಪು ಬಣ್ಣವನ್ನು ಕಳಕೊಂಡು ಮಣ್ಣು ಬೂದಿ ಬಣ್ಣವಾಗುವದು. ಬೇರುಗಳ ಪಕ್ಕದಲ್ಲಿ ಮಾತ್ರ ಸ್ವಲ್ಪ ಗಾಳಿಯಾಡಿ ತುಕ್ಕಿನಂಥ ಚುಕ್ಕೆಗಳು ಉಳಿಯುವವು. ಈ ಬಣ್ಣಗಳನ್ನು ಹೋಲಿಸಿ ನೋಡಲಿಕ್ಕೆ ಬಣ್ಣದ ಚೂರುಗಳನ್ನು ಅಂಟಿಸಿದ ಒಂದು ಪುಸ್ತಕವೇ ಇದೆ. ಕೈಯಲ್ಲಿ ಒದ್ದೆ ಮಣ್ಣಿನ ಉಂಡೆ, ಇನ್ನೊಂದು ಕೈಯಲ್ಲಿ ಆ ಪುಸ್ತಕ, ಮೊಣಕಾಲಿನ ವರೆಗೆ ರಬ್ಬರಿನ ಬೂಟು: ಶಾಸ್ತ್ರಜ್ಞೆಯ ಮುಂಜಾನೆ ಹೀಗಿರುವದು. ಮಧ್ಯಾಹ್ನದ ಮೇಲೆ ಮೇಜಿನ ಮುಂದೆ ಕುಳಿತು ಬರೆಯುವದು. ಹೊರಗಿನ ಕೆಲಸಕ್ಕಿಂತ ಬರವಣಿಗೆಯ ಕೆಲಸವೇ ಹೆಚ್ಚೆಂಬುದನ್ನು, ಪ್ರಬಂಧ ಬರೆಯಲು ಬೇಸರಪಡುವ ನಮ್ಮ ವಿದ್ಯಾರ್ಥಿನಿಯರು ಗಮನಿಸಬೇಕು.

ಬರೆಯುವ ವರದಿಯಲ್ಲಿ ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಈ ಹಾನಿಯನ್ನು ಮಾಡದೆಯೇ ಕೆಲಸವಾದೀತೋ? ಆಗದಿದ್ದರೆ ಹಾನಿಯನ್ನು ಕಡಿಮೆ ಮಾಡಬಹುದೋ? ಅದೂ ಸಾಲದಿದ್ದರೆ, ಕಳೆದುಹೋದುದಕ್ಕೆ ಬದಲಾಗಿ ಏನನ್ನು ಎಲ್ಲಿ ಮಾಡಿಕೊಡುವಿರಿ? ಈ ಕ್ರಮವನ್ನು ತಲೆಕೆಳಗು ಮಾಡಿ, ಮೊದಲಿಗೇ ‘ಬದಲಿಗೆ ಕೊಡುವೆವು’ ಎಂದು ಆರಂಭಿಸುವದು ಸುಲಭ. ಆದರೆ ಬದಲಿಯ ಮಾತು ಎಷ್ಟು ಟೊಳ್ಳಾಗಬಹುದೆಂಬುದಕ್ಕೆ ಎಲ್ವಾ ನದಿಯ ವೃತ್ತಾಂತಕ್ಕಿಂತ ಉತ್ತಮವಾದ ದೃಷ್ಟಾಂತ ನಮಗೆ ತಿಳಿದಿಲ್ಲ.

ಎಲ್ವಾ ನದಿಯು ಅಮೇರಿಕದ ಪಶ್ಚಿಮೋತ್ತರ ಮೂಲೆಯಲ್ಲಿರುವ ವಾಶಿಂಗ್ಟನ್ ಸಂಸ್ಥಾನದಲ್ಲಿ, ಒಲಿಂಪಿಕ್ ಪರ್ವತಗಳ ಹಿಮದಲ್ಲಿ ಹುಟ್ಟಿ, ಸುಮಾರು 45 ಮೈಲು ಹರಿದು ಉತ್ತರದ ಜಲಸಂಧಿಯನ್ನು ಸೇರುವದು. ಅದರಲ್ಲಿ ಸಾಲ್ಮನ್ ಎಂಬ ಮೀನು ಹೇರಳವಾಗಿತ್ತು. ಈ ಮೀನು ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಇಳಿದು, ಅಲ್ಲಿ ಕೆಲವು ವರ್ಷ ಬೆಳೆದು, ಮೊಟ್ಟೆಯಿಡುವದಕ್ಕೆ ತಾನು ಹುಟ್ಟಿದ ಹೊಳೆಗೇ ಮರಳಿ ಪ್ರವಾಹಕ್ಕೆ ಎದುರಾಗಿ ಏರುವದು. ಮುಂಗಾರಿನ ಮೊದಲ ನೆರೆಗೆ ಮಲೆನಾಡಿನ ಹಳ್ಳಗಳಲ್ಲಿ ಹತ್ತುಮೀನು ಏರುವದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಸಾಲ್ಮನ್ನಿನ ಪ್ರಯಾಣ ಅದಕ್ಕಿಂತ ಎಷ್ಟೋ ದೀರ್ಘವಾದುದು. ಪೆಸಿಫಿಕ್ ಸಾಗರದ ಸಾಲ್ಮನ್ನುಗಳು ಮೊಟ್ಟೆಯಿಟ್ಟ ಮೇಲೆ ಅಲ್ಲಿಯೇ ಸಾಯುವವು. ಅವುಗಳ ದೇಹವು ಕರಡಿಗೂ ಹಕ್ಕಿಗೂ ಮರದ ಬೇರಿಗೂ ಆಹಾರವಾಗುವದು. ಹೀಗೆ ಸಮುದ್ರದ ಸತ್ವವು ಬೆಟ್ಟವನ್ನು ಹತ್ತುವದು. ಆ ನದಿಯ ದಡದಲ್ಲಿ ವಾಸವಾಗಿದ್ದ ಕ್ಲಾಲಮ್ ಜನರ ಜೀವನವೆಲ್ಲವೂ ಈ ಮೀನನ್ನು ಅವಲಂಬಿಸಿತ್ತು. 1855ರಲ್ಲಿ ಅವರು ತಮ್ಮ ಭೂಮಿಯನ್ನು ಒಪ್ಪಂದದಿಂದ ಬಿಟ್ಟುಕೊಟ್ಟಾಗಲೂ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದರು.

1910ರಲ್ಲಿ ಸಮುದ್ರದಿಂದ ಸುಮಾರು 5 ಮೈಲು ಮೇಲೆ ವಿದ್ಯುಚ್ಛಕ್ತಿಗಾಗಿ ಒಂದು ಅಣೆಕಟ್ಟಿನ ಕೆಲಸ ತೊಡಗಿತು. 1912ರಲ್ಲಿ ಅದರ ಅಡಿಪಾಯ ಕಿತ್ತುಹೋಗಿ ನೀರು ನುಗ್ಗಿತು. ಮರುವರ್ಷ ದುರಸ್ತಿಯಾಗಿ 108 ಅಡಿಯ ಕಟ್ಟೆ ಪೂರ್ತಿಯಾಯಿತು. ಅದರಲ್ಲಿ ಮೀನು ಏರುವದಕ್ಕೆ ಮೆಟ್ಟಲನ್ನಾಗಲಿ ಕಾಲುವೆಯನ್ನಾಗಲಿ ಇಡಲಿಲ್ಲ. ಕಾನೂನು ಇರಲಿಲ್ಲವೋ? ಇತ್ತು. ಮೀನು ಏರುವ ಹೊಳೆಗಳ ಕಟ್ಟೆಗಳಲ್ಲಿ ಮೀನಿಗೆ ದಾರಿ ಬಿಡಬೇಕೆಂದು ವಾಶಿಂಗ್ಟನ್ ಸಂಸ್ಥಾನವು 1890ರಲ್ಲಿಯೇ ವಿಧಿಸಿತ್ತು. ಆಗ ಅಧಿಕಾರಿಗಳು ಒಂದು ಉಪಾಯ ಹುಡುಕಿದರು. ದಾರಿಯ ಬದಲಿಗೆ ಕಟ್ಟೆಯ ಬುಡದಲ್ಲಿ ಮೀನಿನ ಮರಿಗಳನ್ನು ಸಾಕುವ ಒಂದು ಶಾಲೆಯನ್ನು ಕಟ್ಟಿದರೆ ಸಾಕು, ಕಟ್ಟೆಯನ್ನೇ ಮೊಟ್ಟೆ ಸಂಗ್ರಹಿಸುವ ತಡೆಯೆಂದು ಕಾಗದದಲ್ಲಿ ಬರೆದುಕೊಳ್ಳೋಣ ಎಂದರು. ಆ ಮರಿಶಾಲೆಯು 1922ರಲ್ಲಿ ಮುಚ್ಚಿಹೋಯಿತು. ಕಟ್ಟೆ ಮಾತ್ರ ನಿಂತಿತು. 1927ರಲ್ಲಿ ಅದಕ್ಕೂ 8 ಮೈಲು ಮೇಲೆ, ಗ್ಲೈನ್ಸ್ ಕಣಿವೆಯಲ್ಲಿ, 210 ಅಡಿ ಎತ್ತರದ ಎರಡನೆಯ ಕಟ್ಟೆ ಎದ್ದಿತು. ಉಪನದಿಗಳು ಸೇರಿ 70 ಮೈಲಿಗಿಂತ ಹೆಚ್ಚಿನ ಮೀನಿನ ನೆಲೆ ಮುಚ್ಚಿತು. ಮೊದಲು ವರ್ಷಕ್ಕೆ ಸುಮಾರು 4 ಲಕ್ಷ ಸಾಲ್ಮನ್ನುಗಳು ಏರುತ್ತಿದ್ದವೆಂದು ಅಂದಾಜು. ಅವು ಕೆಲವೇ ಸಾವಿರಕ್ಕೆ ಇಳಿದವು. ಬದಲಿಯ ಮಾತನ್ನು ಕೊಟ್ಟವರು ಅಧಿಕಾರದಿಂದ ಹೋದರು, ಸತ್ತರು. ಆ ಮಾತಿನ ಸಾಲವನ್ನು ಕ್ಲಾಲಮ್ ಜನರ ಮೂರು ನಾಲ್ಕು ತಲೆಮಾರು ತೀರಿಸಿತು. ಅಪ್ಪಣೆಯ ಕಾಗದವನ್ನು ಓದುವವರು ‘ಆ ಮರಿಶಾಲೆ ನಡೆಯದೆಹೋದರೆ ಏನು?’ ಎಂಬ ಒಂದು ಪ್ರಶ್ನೆಯನ್ನು ಆ ದಿನ ಕೇಳಿದ್ದರೆ ಸಾಕಾಗಿತ್ತು.

ಕಟ್ಟೆಯನ್ನು ತೆಗೆಯಬೇಕೆಂದು ಆ ಜನರು ಹಲವು ವರ್ಷ ಹೋರಾಡಿದ ಬಳಿಕ, 1992ರಲ್ಲಿ ಅಮೇರಿಕದ ಕಾಂಗ್ರೆಸ್ ಸಭೆಯು ಎಲ್ವಾ ನದಿಯ ಪುನಃಸ್ಥಾಪನೆಗಾಗಿ ಪ್ರತ್ಯೇಕ ಕಾನೂನನ್ನು ಮಾಡಿತು. 2000ರಲ್ಲಿ ಸರಕಾರವು ಎರಡೂ ಕಟ್ಟೆಗಳನ್ನು 2 ಕೋಟಿ 95 ಲಕ್ಷ ಡಾಲರಿಗೆ ಕೊಂಡುಕೊಂಡಿತು. ಆದರೆ ಕೆಡಹುವ ಕೆಲಸ ತೊಡಗಿದ್ದು 2011ರ ಸೆಪ್ಟೆಂಬರದಲ್ಲಿ. ಕಾನೂನಿನಿಂದ ಕೆಲಸಕ್ಕೆ 19 ವರ್ಷ! ಹಣದ ಕೊರತೆ ಇದಕ್ಕೆ ಒಂದು ಕಾರಣ. ಇನ್ನೊಂದು ನಮ್ಮ ವಿಷಯಕ್ಕೆ ಸಂಬಂಧಪಟ್ಟದ್ದು. ಒಳ್ಳೆಯ ಕೆಲಸಕ್ಕೂ ಅಪ್ಪಣೆ ಬೇಕು. ಎರಡು ಜಲಾಶಯಗಳ ತಳದಲ್ಲಿ ನೂರು ವರ್ಷದ ಹೂಳು ತುಂಬಿತ್ತು. ಅದು ಒಮ್ಮೆಗೆ ಹರಿದರೆ ಕೆಳಗಿರುವ ಮೀನು ಉಸಿರುಕಟ್ಟಿ ಸಾಯುವದು. ಪೋರ್ಟ್ ಏಂಜಲಿಸ್ ಪಟ್ಟಣದ ಕುಡಿಯುವ ನೀರು ಕೆಸರಾಗುವದು. ನದಿಯ ಪಾತ್ರ ಏರಿ ನೆರೆ ಬರುವದು. ಆದಕಾರಣ 1995ರಲ್ಲಿಯೂ 1996ರಲ್ಲಿಯೂ ಪರಿಣಾಮಗಳ ದೊಡ್ಡ ವರದಿಗಳನ್ನು ಸಿದ್ಧಪಡಿಸಿದರು. ಒಂದು ಕಟ್ಟೆಯನ್ನು ಮಾತ್ರ ತೆಗೆದರೆ ಏನು, ಎರಡನ್ನೂ ತೆಗೆದರೆ ಏನು, ಎರಡನ್ನೂ ಬಿಟ್ಟು ಮೀನಿನ ಮೆಟ್ಟಲು ಕಟ್ಟಿದರೆ ಏನು, ಏನನ್ನೂ ಮಾಡದಿದ್ದರೆ ಏನು, ಇವೆಲ್ಲವನ್ನೂ ತೂಗಿ ನೋಡಿದರು. ಪಟ್ಟಣಕ್ಕಾಗಿ ನೀರು ಶುದ್ಧಮಾಡುವ ಹೊಸ ಸ್ಥಾವರವನ್ನು ಮೊದಲೇ ಕಟ್ಟಿದರು. ಎಲ್ಲವೂ ಸೇರಿ ಖರ್ಚು ಸುಮಾರು 32 ಕೋಟಿ 50 ಲಕ್ಷ ಡಾಲರು.

ಕೆಡಹಿದ ರೀತಿಯೂ ತಿಳಿಯತಕ್ಕದ್ದು. ನೀರನ್ನು ಮೆಟ್ಟುಮೆಟ್ಟಾಗಿ ಇಳಿಸಿದರು. ಮೀನು ಏರುವ ಮತ್ತು ಮರಿಗಳು ಇಳಿಯುವ ತಿಂಗಳುಗಳಲ್ಲಿ ಕೆಲಸವನ್ನು ನಿಲ್ಲಿಸಿದರು. ಲಕ್ಷಗಟ್ಟಲೆ ಬೆಲೆಯ ಯಂತ್ರಗಳು ಮೀನಿನ ಪಂಚಾಂಗವನ್ನು ನೋಡಿ ಸುಮ್ಮನೆ ನಿಂತವು. 2012ರ ಮಾರ್ಚಿನಲ್ಲಿ ಕೆಳಗಿನ ಕಟ್ಟೆ ಮುಗಿಯಿತು. ಮೇಲಿನದನ್ನು ತೆಗೆಯುವಾಗ ಹೂಳು ಎಣಿಕೆಗೆ ಮೀರಿ, ನೀರಿನ ಸ್ಥಾವರದ ಬಾಯಿ ಕಟ್ಟಿಕೊಂಡಿತು. ಒಂದು ವರ್ಷದಷ್ಟು ಕಾಲ ಕೆಲಸ ತಡೆಯಿತು. ಮೊದಲಿನ ಲೆಕ್ಕಕ್ಕಿಂತ ಹೂಳು ಬಹಳ ಹೆಚ್ಚೆಂದೂ, ಸುಮಾರು 2 ಕೋಟಿ 10 ಲಕ್ಷ ಘನಮೀಟರ್ ಎಂದೂ ತಿಳಿದುಬಂತು. ಈ ವಿಷಯದಲ್ಲಿ ನಾವು ಶಾಸ್ತ್ರಜ್ಞರನ್ನು ದೂಷಿಸುವವರಲ್ಲ. ಲೆಕ್ಕವನ್ನು ಮೊದಲೇ ಬರೆದಿಟ್ಟಿದ್ದುದರಿಂದಲೇ ಅದು ಹೇಗೆ ತಪ್ಪಿತೆಂದು ತಿಳಿಯಲು ಸಾಧ್ಯವಾಯಿತು; ನದಿಯಲ್ಲಿ ದಿನವೂ ಅಳೆಯುತ್ತಿದ್ದುದರಿಂದಲೇ ತಕ್ಕ ಸಮಯದಲ್ಲಿ ಕೆಲಸ ನಿಲ್ಲಿಸಲು ಸಾಧ್ಯವಾಯಿತು. ಕೊನೆಯ ಸಿಡಿಮದ್ದು 2014ರ ಆಗಸ್ಟಿನಲ್ಲಿ ಸಿಡಿಯಿತು.

ಕಟ್ಟೆ ಹೋಯಿತೆಂದರೆ ಕಾಡು ತಾನಾಗಿ ಬಂದೀತೋ? ಜಲಾಶಯಗಳು ಬತ್ತಿದ ಮೇಲೆ ಸುಮಾರು 800 ಎಕ್ರೆ ಬೋಳು ನೆಲ ಬಿಸಿಲಿಗೆ ಬಿತ್ತು. ನುಣುಪು ಹೂಳಿದ್ದಲ್ಲಿ ನೀರವಂಜಿ ಮೊದಲಾದ ಹೊಳೆದಂಡೆಯ ಮರಗಳು ತಾವಾಗಿಯೇ ಹುಟ್ಟಿದವು. ಮರಳು ಮತ್ತು ಜಲ್ಲಿಯ ದಿಬ್ಬಗಳಲ್ಲಿ ಮಾತ್ರ ನೀರು ನಿಲ್ಲದೆ, ಸಾರವಿಲ್ಲದೆ, ಬೀಜ ಹಿಡಿಯಲಿಲ್ಲ. ಇಂಥಲ್ಲಿ ಮೊದಲು ಬರುವದು ಹೊರನಾಡಿನ ಕಳೆ. ಅದು ಬೇರೂರಿದರೆ ಮರಕ್ಕೆ ಎಡೆಯಿಲ್ಲ. ಆದುದರಿಂದ ರಾಷ್ಟ್ರೀಯ ಉದ್ಯಾನದವರೂ ಕ್ಲಾಲಮ್ ಜನರೂ ಕೂಡಿ, ಆ ಕಣಿವೆಯಲ್ಲಿಯೇ ವರ್ಷಗಟ್ಟಲೆ ಬೀಜಗಳನ್ನು ಸಂಗ್ರಹಿಸಿ, ಸಸಿಮಡಿಗಳಲ್ಲಿ ಬೆಳೆಸಿ, 3 ಲಕ್ಷಕ್ಕೂ ಹೆಚ್ಚು ಗಿಡಗಳನ್ನು ನೆಟ್ಟರು. ಅದೇ ಕಣಿವೆಯ ಬೀಜವೇ ಏಕೆ? ಒಂದೇ ಜಾತಿಯ ಮರವಾದರೂ ಆಯಾ ಸ್ಥಳದ ಚಳಿಗೂ ಮಳೆಗೂ ಹೊಂದಿಕೊಂಡಿರುವದು. ಬೇರೆಡೆಯ ಬೀಜಕ್ಕೆ ಆ ಅಭ್ಯಾಸವಿಲ್ಲ. ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಲೂಪಿನ್ ಎಂಬ ನೀಲಿಹೂವಿನ ಗಿಡ. ಅದು ನಮ್ಮ ಹೆಸರು, ಹುರುಳಿ, ಸೆಣಬಿನ ಕುಲಕ್ಕೆ ಸೇರಿದ್ದು. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುವದು. ಗದ್ದೆಯ ಕೊಯಿಲಾದ ಮೇಲೆ ಹೆಸರು ಬಿತ್ತುವ ನಮ್ಮ ಒಕ್ಕಲಿಗರಿಗೆ ಇದನ್ನು ಯಾವ ವಿಶ್ವವಿದ್ಯಾನಿಲಯವೂ ಕಲಿಸಬೇಕಾಗಿರಲಿಲ್ಲ.

ಮೀನುಗಳಾದರೋ ಕಾಯಲಿಲ್ಲ. ಕೆಳಗಿನ ಕಟ್ಟೆ ಹೋದ ವರ್ಷವೇ ಅದರ ಸ್ಥಳವನ್ನು ದಾಟಿ ಮೇಲೆ ಹೋದವು. ಮೇಲಿನ ಕಣಿವೆಯಲ್ಲಿ ಬಿದ್ದಿದ್ದ ಬಂಡೆಗಳು ಅಡ್ಡವಾದಾಗ ಅವನ್ನೂ ಒಡೆದು ಸರಿಸಬೇಕಾಯಿತು. ಈಗ ನೀರಿನೊಳಗೆ ಶಬ್ದದ ಅಲೆಗಳಿಂದ ಚಿತ್ರ ತೆಗೆಯುವ ಯಂತ್ರವನ್ನಿಟ್ಟು ಕದಡಿದ ನೀರಿನಲ್ಲಿಯೂ ಮೀನುಗಳನ್ನು ಎಣಿಸುತ್ತಾರೆ. ಮೊಟ್ಟೆಯಿಟ್ಟ ಗುಳಿಗಳನ್ನು ಹೊಳೆಯುದ್ದಕ್ಕೂ ನಡೆದು ಲೆಕ್ಕ ಮಾಡುತ್ತಾರೆ. ಹೊಳೆಯಲ್ಲಿ ಮುಳುಗಿ ಹುಳ ಹಿಡಿಯುವ ಒಂದು ಚಿಕ್ಕ ಹಕ್ಕಿಯ ರಕ್ತವನ್ನು ಪರೀಕ್ಷಿಸಿ, ಸಮುದ್ರದ ಸತ್ವವು ಪುನಃ ಒಳನಾಡಿಗೆ ಬಂದಿತೆಂದು ಕಂಡುಹಿಡಿದರು. ನದೀಮುಖದಲ್ಲಿ ಹೂಳು ಇಳಿದು, ಹಿಂದೆ ಸವೆದುಹೋಗಿದ್ದ ಕರಾವಳಿಯಲ್ಲಿ ಹೊಸ ಮರಳದಂಡೆ ಬೆಳೆಯಿತು. ಜಲಾಶಯದಡಿಯಲ್ಲಿ ಮುಳುಗಿದ್ದ, ತಮ್ಮ ಆದಿಪುರುಷರು ಉಂಟಾದರೆಂದು ಕ್ಲಾಲಮ್ ಹಿರಿಯರು ಹೇಳುತ್ತಿದ್ದ ಬಂಡೆಯು 2012ರಲ್ಲಿ ಹೊರಬಿತ್ತು. ಕಂಡವರಿಲ್ಲದೆ ಅದು ಬರಿಯ ಕಥೆಯೆಂದು ಎಣಿಸಲ್ಪಟ್ಟಿತ್ತು. 2011ರಿಂದ ನದಿಯಲ್ಲಿ ಮೀನು ಹಿಡಿಯುವದನ್ನು ಎಲ್ಲರೂ ನಿಲ್ಲಿಸಿದ್ದರು. 2023ರ ಅಕ್ಟೋಬರದಲ್ಲಿ ಆ ಜನರು ತಮ್ಮ ಆಚರಣೆಗಾಗಿಯೂ ಊಟಕ್ಕಾಗಿಯೂ ಮಿತವಾಗಿ ಪುನಃ ಬಲೆ ಬೀಸಿದರು. ಮೀನಿನ ಸಂಖ್ಯೆ ಹಳೆಯ ಕಾಲದ್ದಕ್ಕೆ ಇನ್ನೂ ಬಹಳ ದೂರವಿದೆ. ನೂರು ವರ್ಷದಲ್ಲಿ ಕಳೆದದ್ದು ಹತ್ತು ವರ್ಷದಲ್ಲಿ ಬರುವದಿಲ್ಲವೆಂಬುದನ್ನು ಆ ಕೆಲಸದಲ್ಲಿರುವವರೇ ಮೊದಲು ಹೇಳುತ್ತಾರೆ.

ಇದೆಲ್ಲ ದೂರದೇಶದ ಮಾತಾಯಿತು, ನಮ್ಮ ದೇಶದಲ್ಲಿ ಹೇಗೆಂದು ವಾಚಕರು ಕೇಳಬಹುದು. ಕುದುರೆಮುಖದಲ್ಲಿ ಕಬ್ಬಿಣದ ಅದುರಿನ ಕಂಪನಿಯು 1976ರಲ್ಲಿ ಸ್ಥಾಪನೆಯಾದಾಗ, ಪರಿಣಾಮದ ವರದಿಯನ್ನು ಕೇಳುವ ನಿಯಮ ನಮ್ಮಲ್ಲಿ ಇರಲಿಲ್ಲ. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಸೀಮೆಯಲ್ಲಿ ಗಣಿ ನಡೆಯಿತು. 2002ರ ಸುಪ್ರೀಂ ಕೋರ್ಟಿನ ತೀರ್ಪಿನ ಪ್ರಕಾರ 2005ರ ಕೊನೆಗೆ ನಿಂತಿತು. ಅದುರು ತೊಳೆದ ಮಡ್ಡಿಯು ತುಂಬಿದ ಲಕ್ಯಾ ಅಣೆಕಟ್ಟು ಈಗಲೂ ಅಲ್ಲಿದೆ. ಅಲ್ಲಿಯ ಬೆಟ್ಟಗಳ ಸ್ವಾಭಾವಿಕವಾದ ಹೊದಿಕೆ ಹುಲ್ಲು. ಕಣಿವೆಗಳಲ್ಲಿ ಮಾತ್ರ ಶೋಲಾ ಕಾಡು. ಇಂಥ ನೆಲವನ್ನು ಸರಿಪಡಿಸುವೆವೆಂದು ಹುಲ್ಲಿನ ಮೇಲೆ ಅಕೇಶಿಯ ನೆಟ್ಟರೆ ಅದು ಪುನಃಸ್ಥಾಪನೆಯಲ್ಲ, ಎರಡನೆಯ ಹಾನಿ. ಗಿಡ ನೆಡುವದೇ ಪರಿಸರದ ಕೆಲಸವೆಂದು ತಿಳಿದವರಿಗೆ ಇದು ವಿಚಿತ್ರವಾಗಿ ಕೇಳಿಸೀತು.

1986ರಲ್ಲಿ ಪರಿಸರ ಸಂರಕ್ಷಣೆಯ ಕಾನೂನು ಬಂತು. ಅದರ ಕೆಳಗೆ 1994ರಲ್ಲಿಯೂ, ಬದಲಾಗಿ 2006ರ ಸೆಪ್ಟೆಂಬರ 14ರಂದೂ ಹೊರಟ ಪ್ರಕಟಣೆಗಳು, ದೊಡ್ಡ ಗಣಿ, ಅಣೆಕಟ್ಟು, ಕಾರ್ಖಾನೆ, ಬಂದರು ಮುಂತಾದವಕ್ಕೆ ಪೂರ್ವಪರೀಕ್ಷೆಯನ್ನು ವಿಧಿಸಿದವು. ಅಪ್ಪಣೆ ಬೇಡುವವನೇ ವರದಿ ಬರೆಯುವ ಶಾಸ್ತ್ರಜ್ಞರಿಗೆ ಹಣ ಕೊಡುವ ಪದ್ಧತಿ ಇದೆ. ಈ ಉದ್ಯೋಗದ ಅತಿ ಕಠಿನವಾದ ಸ್ಥಾನ ಇದೇ ಎಂದು ನಮ್ಮ ಅಭಿಪ್ರಾಯ. ಕೂಲಿ ಕೊಡುವವನಿಗೆ ಬೇಡವಾದ ಸಂಗತಿಯನ್ನು ಅವನ ಕಾಗದದಲ್ಲಿಯೇ ಬರೆಯಬೇಕು. ಮಳೆಗಾಲದಲ್ಲಿ ತುಂಬಿ ಹರಿಯುವ ತೋಡನ್ನು ಏಪ್ರಿಲ್ ತಿಂಗಳಲ್ಲಿ ನೋಡಿ ‘ನೀರಿಲ್ಲ’ ಎಂದು ಬರೆಯುವದು ಸುಳ್ಳಲ್ಲ, ಆದರೆ ಸತ್ಯವೂ ಅಲ್ಲ. ಬೀಜಗಣಿತ, ಸಸ್ಯಶಾಸ್ತ್ರ, ರಸಾಯನಶಾಸ್ತ್ರಗಳನ್ನು ಕಾಲೇಜಿನಲ್ಲಿ ಕಲಿಯಬಹುದು. ಇದಕ್ಕೆ ಬೇಕಾದ ಧೈರ್ಯವನ್ನು ಹುಡುಗಿಯರು ಅಲ್ಲಿಗೆ ಹೋಗುವ ಮುಂಚೆಯೇ ಸಂಪಾದಿಸಿಕೊಂಡಿದ್ದರೆ ಒಳ್ಳೆಯದು.

ಶಾಸ್ತ್ರಜ್ಞೆಯಾಗದವರಿಗೂ ಇದರಲ್ಲಿ ಭಾಗವುಂಟು. ವಿನಾಯಿತಿ ಪಡೆದ ಕೆಲವು ಬಗೆಯ ಕೆಲಸಗಳನ್ನು ಬಿಟ್ಟರೆ, ಇಂಥ ಯೋಜನೆಗಳಿಗೆ ಆ ಸ್ಥಳದಲ್ಲಿಯೇ ಸಾರ್ವಜನಿಕ ವಿಚಾರಣೆ ನಡೆಯಬೇಕು. ಅದರ ನೋಟೀಸನ್ನು ಕಡಿಮೆ ಪಕ್ಷ 30 ದಿನ ಮುಂಚೆ, ಪ್ರಾದೇಶಿಕ ಭಾಷೆಯ ಪತ್ರಿಕೆಯೊಂದರಲ್ಲಿಯೂ ಪ್ರಕಟಿಸತಕ್ಕದ್ದು. ವರದಿಯ ಸಾರಾಂಶವು ಇಂಗ್ಲಿಷಿನಲ್ಲಿ ಮಾತ್ರವಲ್ಲ, ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ಕನ್ನಡದ ಅಂಥ ಸಾರಾಂಶವನ್ನು ಗದ್ದೆಯ ಒಡತಿಗೆ ತಿಳಿಯುವಂತೆ ಬರೆಯುವದೂ ಒಂದು ವಿದ್ಯೆಯೇ. ವರದಿಯ ಪ್ರತಿಯು ಜಿಲ್ಲಾಧಿಕಾರಿಯ ಕಚೇರಿಯಲ್ಲಿಯೂ ಜಿಲ್ಲಾ ಪಂಚಾಯತಿನಲ್ಲಿಯೂ ಓದಲು ಸಿಕ್ಕಬೇಕು. ವಿಚಾರಣೆ ನಡೆಯಲು ಇಂತಿಷ್ಟೇ ಜನ ಕೂಡಬೇಕೆಂಬ ನಿಯಮವಿಲ್ಲ. ಹತ್ತು ಮಂದಿ ಬಂದರೂ ಅದು ವಿಚಾರಣೆಯೇ. ಅಲ್ಲಿ ಆಡಿದ ಅಭಿಪ್ರಾಯಗಳೆಲ್ಲವನ್ನೂ ಸಂಗ್ರಹಿಸಿ ಬರೆದು, ಸಭೆಯ ಕೊನೆಯಲ್ಲಿ ಆ ಊರಿನ ಭಾಷೆಯಲ್ಲಿ ಓದಿ ತಿಳಿಸಿ, ಅದೇ ದಿನ ಜಿಲ್ಲಾಧಿಕಾರಿಯು ಅಥವಾ ಆತನ ಪ್ರತಿನಿಧಿಯು ಸಹಿ ಹಾಕಬೇಕು. ತನ್ನ ಮಾತು ಬರವಣಿಗೆಯಲ್ಲಿ ಬಂತೋ ಇಲ್ಲವೋ ಎಂದು ಕೇಳಿ ತಿಳಿಯುವ ವರೆಗೆ ಯಾರೂ ಅಲ್ಲಿಂದ ಎದ್ದು ಹೋಗಬಾರದು.